ಇನ್ನಾ ನಾಲ್ಕು ಹನಿ

ಸೋಮವಾರ, 14 ಅಕ್ಟೋಬರ್ 2024

ಔರಾದ ಕಾಲೇಜಿಗೆ ಹಾಜರಾದೆ. ಹದಿನಾಲ್ಕು ವರ್ಷ ಬೀದರಿನಿಂದ ಭಾಲ್ಕಿಗೆ ರೈಲಿನಲ್ಲಿ ಕಾಲು ಚಾಚಿಕೊಂಡು ಹೋಗಿಬಂದವನು ಇವತ್ತು ಬಸ್ಸಿನಲ್ಲಿ ಯಾರದೋ ಸೋಯಾಬೀನ್ ಚೀಲದ ಮೇಲೆ ಕೂತು ಬಂದೆ. ವರ್ಗಾವಣೆ ಯಾರನ್ನೂ ಬಿಟ್ಟಿಲ್ಲ ಎಂದು ಪ್ರಾಚಾರ್ಯರು ಸಮಾಧಾನ ಹೇಳಿ, ಅರ್ಧ ಕಪ್ ಚಹಾ ಕೊಡಿಸಿದರು.

ಪ್ರಯೋಗಶಾಲೆ ಸಣ್ಣದು. ಒಂಬತ್ತು ಮೇಜು, ಇಪ್ಪತ್ತು ಬ್ಯೂರೆಟ್; ಅದರಲ್ಲಿ ಎರಡು ಸೋರುತ್ತವೆ. ಬಿಎಸ್ಸಿ ಮೊದಲ ವರ್ಷಕ್ಕೆ ಹದಿನೆಂಟು ಮಕ್ಕಳು. ಅಟೆಂಡರ್ ಒಬ್ಬ ಹೆಂಗಸು. ಶಾಲುಬಾಯಿ ಎಂದು ಹೆಸರು, ವಯಸ್ಸು ಐವತ್ತೈದರ ಆಸುಪಾಸು, ಇಪ್ಪತ್ತೆರಡು ವರ್ಷದಿಂದ ಇಲ್ಲಿಯೇ ಇದ್ದಾಳಂತೆ. ನಾನು ಒಳಗೆ ಕಾಲಿಟ್ಟಾಗ ಮೇಲಿಂದ ಕೆಳಗೆ ನೋಡಿ, "ಬರ್ರಿ ಸರ್, ನಿಮ್ಮ ದಾರೀನೇ ಕಾಯ್ಲಕತ್ತಿದ್ದೆ" ಎಂದಳು. ಯಾಕೆ ಕಾಯುತ್ತಿದ್ದಳೋ ತಿಳಿಯಲಿಲ್ಲ.

ಈಗ ಮುಖ್ಯ ಮಾತು. ನಲವತ್ತೊಂಬತ್ತು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಒಮ್ಮೆ ಕಾಗದದ ಮೇಲಾದರೂ ಇಳಿಸಿ ನೋಡೋಣ ಎಂದೇ ಈ ಹಳೆಯ ರೆಕಾರ್ಡ್ ಬುಕ್ಕಿನ ಹಿಂಬದಿ ತೆರೆದಿದ್ದೇನೆ. ನನಗೆ ಗುಲಾಬಿ ಬಣ್ಣ ಕಾಣುವುದಿಲ್ಲ. ಕೆಂಪು, ಹಸಿರು ಎರಡೂ ಒಂದೇ ತೆರನ ಮಣ್ಣುಬಣ್ಣ. ನಸುಗುಲಾಬಿ ಎಂದರೆ ಬರೀ ನೀರು.

ಗಣಿತ ಕಲಿಸುತ್ತಿದ್ದರೆ ಇದೊಂದು ಸಂಗತಿಯೇ ಅಲ್ಲ. ನಾನು ಕಲಿಸುವುದು ರಸಾಯನಶಾಸ್ತ್ರ. ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆರಡು ಹನಿ ಫಿನಾಫ್ತಲೀನ್ ಎಂಬ ಸೂಚಕ. ಮೇಲೆ ಬ್ಯೂರೆಟ್ಟಿನ ಅಳತೆಗೆರೆಯ ಗಾಜುಕೊಳವೆಯಿಂದ ಹನಿಹನಿಯಾಗಿ ಕ್ಷಾರ ಬಿಡುತ್ತ ಹೋಗಬೇಕು. ಆಮ್ಲ, ಕ್ಷಾರ ಎರಡೂ ಒಂದನ್ನೊಂದು ತೀರಿಸಿ ಉಪ್ಪುನೀರಾದ ಮೇಲೆ ಇನ್ನೊಂದೇ ಹನಿ ಬಿದ್ದರೆ ಸಾಕು, ಫ್ಲಾಸ್ಕ್ ನಸುಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಲೋಕಕ್ಕೆಲ್ಲ ಕಾಣುವ ಆ ಗಳಿಗೆ ನನಗೆ ಕಾಣುವುದಿಲ್ಲ. ಮೂರು ಮಿಲಿಲೀಟರ್ ಹೆಚ್ಚಾದ ಮೇಲೆ ಬೂದಿ ಕದಡಿದಂತೆ ಏನೋ ಕಾಣುತ್ತದೆ, ಅಷ್ಟೇ.

ಭಾಲ್ಕಿಯಲ್ಲಿ ಅಟೆಂಡರ್ ಯುನುಸ ಇದ್ದ. ನಾನು ಸೇರಿದ ಮೊದಲ ವಾರ ಗುಲಾಬಿ ದಾಟಿ ಎಷ್ಟೋ ದೂರ ಹೋಗಿದ್ದಾಗ ಹಿಂದಿನಿಂದ "ಬಸ್ ಸರ್, ಬಸ್, ಸಾಕು" ಎಂದು ಬಂದು ನಲ್ಲಿ ತಿರುಗಿಸಿದ. ಅಂದಿನಿಂದ ಗುಲಾಬಿ ಬಂದಾಗಲೆಲ್ಲ ಒಂದು ಸಲ ಕೆಮ್ಮುತ್ತಿದ್ದ. ಆ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ. ಅವನಿಗೆ ಅದೊಂದು ಅಭ್ಯಾಸ, ಅವನಿಗೂ ಏನೂ ತಿಳಿದಿಲ್ಲ ಎಂದೇ ನನ್ನ ನಂಬಿಕೆ. ಹದಿನಾಲ್ಕು ವರ್ಷ ಒಬ್ಬ ಮನುಷ್ಯನ ಕೆಮ್ಮಿನ ಮೇಲೆ ರಸಾಯನಶಾಸ್ತ್ರ ಕಲಿಸಿದ್ದೇನೆ.

ಗುರುವಾರ ಮೊದಲ ಪ್ರಾಯೋಗಿಕ ತರಗತಿ. ಈ ಹೆಂಗಸು ಕೆಮ್ಮುವ ಪೈಕಿಯಂತೆ ಕಾಣುವುದಿಲ್ಲ.

ಗುರುವಾರ, 17 ಅಕ್ಟೋಬರ್

ಕಣ್ಣು ಯಾಕೆ ಬೇಕು, ಲೆಕ್ಕ ಸಾಕು ಎಂದುಕೊಂಡು ಎರಡೂ ದ್ರಾವಣಗಳನ್ನು ನಾನೇ ತೂಗಿ ತಯಾರಿಸಿದೆ. ಎರಡರ ಬಲವೂ ಸಮ. ಹತ್ತು ಮಿಲಿಲೀಟರ್ ಆಮ್ಲಕ್ಕೆ ಹತ್ತೇ ಮಿಲಿಲೀಟರ್ ಕ್ಷಾರ. ಹತ್ತರ ಗೆರೆಗೆ ಬಂದ ಕೂಡಲೇ ನಲ್ಲಿ ನಿಲ್ಲಿಸಿ ಫ್ಲಾಸ್ಕ್ ಎತ್ತಿ ಹಿಡಿದೆ.

"ನೋಡ್ರಿ, ಬಂತು ಗುಲಾಬಿ!"

ಹದಿನೆಂಟು ತಲೆಗಳು ಮುಂದಕ್ಕೆ ಬಾಗಿದವು.

"ಎಲ್ಲಿ ಸರ್?" ಎಂದ ಹಿಂದಿನ ಸಾಲಿನವನೊಬ್ಬ.

"ನೋಡೋ ಕಣ್ಣು ಬೇಕಪಾ. ಭಾಳ ನಸುಕು ಇರ್ತದ."

ಮುಂದಿನ ಸಾಲಿನ ನಾಲ್ವರು ಕೂಡಲೇ "ಹೌದ್ರಿ ಸರ್, ಬಂದದ" ಎಂದರು. ಅವರಲ್ಲೊಬ್ಬ "ಭಾಳ ಛಂದ ಬಂದದ್ರಿ" ಎಂದೂ ಸೇರಿಸಿದ. ಮೇಘಾ ಎಂಬ ಹುಡುಗಿ ಮಾತ್ರ ಫ್ಲಾಸ್ಕನ್ನು ಬಿಳಿ ಹಾಳೆಯ ಮೇಲಿಟ್ಟು ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಸಿಂಕಿನ ಕಡೆಯಿಂದ ಅಟೆಂಡರಳ ದನಿ ಬಂತು.

"ಸರ್, ಇನ್ನಾ ನಾಲ್ಕು ಹನಿ ಬಿಡ್ರಿ."

ಬಿಟ್ಟೆ. ನಾಲ್ಕನೆಯ ಹನಿಗೆ ಇಡೀ ತರಗತಿ "ಹಾ!" ಎಂದಿತು. ಫ್ಲಾಸ್ಕಿನಲ್ಲಿ ಏನೋ ಆಗಿರಬೇಕು.

ಆಮೇಲೆ ನೋಡಿದರೆ ಕಾಸ್ಟಿಕ್ ಸೋಡಾದ ಡಬ್ಬಿಯ ಮುಚ್ಚಳ ಸಡಿಲವಿತ್ತು. ಗಾಳಿಯ ತೇವ ಎಳೆದುಕೊಂಡು ಬಲ ಕಡಿಮೆಯಾಗಿದೆ. ಲೆಕ್ಕದ್ದೇನೂ ತಪ್ಪಿಲ್ಲ. ಪಾಠದ ನಡುವೆ ಬಾಯಿ ಹಾಕಬಾರದೆಂದು ಅಟೆಂಡರ್‌ಗೆ ತಾಕೀತು ಮಾಡಿದೆ. "ಹೂಂರಿ" ಎಂದಳು. ಪಶ್ಚಾತ್ತಾಪದ ಲಕ್ಷಣ ಕಾಣಲಿಲ್ಲ.

ಶುಕ್ರವಾರ, 18 ಅಕ್ಟೋಬರ್

ಯುನುಸನಿಗೆ ಫೋನ್ ಮಾಡಿದೆ. ಮಳೆ, ಬೆಳೆ, ಅವನ ಮಗಳ ಪರೀಕ್ಷೆ ಎಲ್ಲ ಮಾತಾಡಿದೆವು. ಕೇಳಬೇಕೆಂದಿದ್ದನ್ನು ಕೇಳಲಾಗಲಿಲ್ಲ. ಕೊನೆಗೆ, "ನಿನ್ನ ಕೆಮ್ಮು ಹ್ಯಾಂಗದ?" ಎಂದೆ.

"ನೀವು ಹೋದ ದಿನಾನೇ ನಿಂತದ್ರಿ ಸರ್."

ಒಳ್ಳೆಯ ಮನುಷ್ಯ. ಆರೋಗ್ಯ ಸುಧಾರಿಸಿದ್ದು ಸಂತೋಷ.

ಗುರುವಾರ, 24 ಅಕ್ಟೋಬರ್

ಉಜ್ವಲಾ, ನನ್ನ ಹೆಂಡತಿ, ಬೀದರಿನಲ್ಲಿಯೇ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವಳ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ ನಿನ್ನೆ ರಾತ್ರಿ ಊಟದ ಮೇಜಿನ ಮೇಲಿತ್ತು. ತಿರುವಿ ಹಾಕುತ್ತಿದ್ದಾಗ ಬೆಳಕು ಕಂಡಂತಾಯಿತು. ಕೆಲವು ಸೂಚಕಗಳು ಬಣ್ಣದಿಂದಲ್ಲ, ವಾಸನೆಯಿಂದ ಗುರುತು ಕೊಡುತ್ತವೆ. ಉಳ್ಳಾಗಡ್ಡಿ ಆಮ್ಲದಲ್ಲಿ ನಾರುತ್ತದೆ, ಕ್ಷಾರದಲ್ಲಿ ಅದರ ವಾಸನೆ ಹೋಗಿಬಿಡುತ್ತದೆ. ನನ್ನ ಮೂಗಿನಲ್ಲಿ ಈವರೆಗೆ ಯಾರೂ ಕೊರತೆ ಕಂಡಿಲ್ಲ.

ಬೆಳಿಗ್ಗೆ ಬೀದರಿನ ಚಿದ್ರಿಯ ನಮ್ಮ ಅಡುಗೆಮನೆಯಲ್ಲಿ ಕೂತು ಒಂದು ಕಿಲೋ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿದೆ.

"ಇಷ್ಟ್ಯಾಕ್ರಿ? ಬೀಗರು ಬರ್ಲಕತ್ತಾರೇನು?" ಎಂದಳು ಉಜ್ವಲಾ.

"ಸಂಶೋಧನಾ."

"ಅದಕ್ಕೇ ಕಣ್ಣಾಗ ನೀರು ಬರ್ಲಕತ್ತದ ಬಿಡ್ರಿ."

ಔರಾದ ಬಸ್ಸಿನಲ್ಲಿ ಮೊದಲ ಸಲ ಇಡೀ ಸೀಟು ನನ್ನೊಬ್ಬನಿಗೇ ಸಿಕ್ಕಿತು. ಪಕ್ಕದವರು ಕೌಠಾ ಬರುವುದರೊಳಗೆ ಎದ್ದು ಬೇರೆ ಕಡೆ ಹೋದರು.

ತರಗತಿಗೆ ಮೊದಲೇ ಬಾಗಿಲು ಹಾಕಿಕೊಂಡು, ಆಮ್ಲಕ್ಕೆ ಉಳ್ಳಾಗಡ್ಡಿ ಹಾಕಿ ಪ್ರಯೋಗ ಶುರು ಮಾಡಿದೆ. ಒಂದೊಂದು ಮಿಲಿಲೀಟರಿಗೂ ನಿಲ್ಲಿಸಿ ಫ್ಲಾಸ್ಕ್ ಮೂಸುವುದು. ಆರನೆಯ ಸಲಕ್ಕೆ ಫ್ಲಾಸ್ಕ್ ಉಳ್ಳಾಗಡ್ಡಿ, ಬ್ಯೂರೆಟ್ ಉಳ್ಳಾಗಡ್ಡಿ, ಗೋಡೆ ಉಳ್ಳಾಗಡ್ಡಿ, ನನ್ನ ಮೀಸೆಯೂ ಉಳ್ಳಾಗಡ್ಡಿ. ಹದಿನಾಲ್ಕು ಮಿಲಿಲೀಟರ್ ಬಿಟ್ಟರೂ ವಾಸನೆ ಹೋಗಲಿಲ್ಲ. ಫ್ಲಾಸ್ಕಿನಿಂದ ಹೋಗಿತ್ತೋ ಏನೋ, ನನ್ನಿಂದ ಹೋಗಲಿಲ್ಲ. ಪ್ರಾಚಾರ್ಯರು ಮೂರು ಸಲ ವರಾಂಡಕ್ಕೆ ಬಂದು "ಎಲ್ಲಿ ಭಜಿ ಕರೀಲಕತ್ತಾರ?" ಎಂದು ಹುಡುಕಿ ಹೋದರು. ಅಟೆಂಡರ್ ಕಿಟಕಿಯಲ್ಲಿ ತಲೆ ಹಾಕಿದಳು.

"ಸರ್, ಎಣ್ಣಿ ತರ್ಲೇನ್ರಿ?"

ಸೋಮವಾರ, 28 ಅಕ್ಟೋಬರ್

ಇವತ್ತು ಒಂದು ವ್ಯವಸ್ಥೆ ಮಾಡಿದೆ. ಗುಟ್ಟೂ ಬಯಲಾಗಬಾರದು, ಕೆಲಸವೂ ನಿಲ್ಲಬಾರದು, ಹಾಗೆ. ಅಟೆಂಡರಳನ್ನು ಕರೆದು, ಇದೊಂದು ಸುರಕ್ಷತಾ ಕ್ರಮ, ಯಾರ ಫ್ಲಾಸ್ಕ್ ಗುಲಾಬಿಯಾದರೂ ಕೂಡಲೇ ಒಂದು ಸಲ ಕೆಮ್ಮಬೇಕು ಎಂದೆ.

"ನಂಗ ಕೆಮ್ಮಿಲ್ರಿ ಸರ್."

"ಇರಬೇಕಂತಿಲ್ಲ. ಕೆಮ್ಮಿದಂಗ ಮಾಡಿದ್ರ ಸಾಕು."

"ಒಣಾ ಕೆಮ್ಮೋ, ಕಫದ್ದೋ?"

"ಯಾವುದಾದ್ರೂ ನಡೀತದ."

ಸ್ವಲ್ಪ ಯೋಚಿಸಿ, ಒಂದು ಸಲ ಕೆಮ್ಮಿ ತೋರಿಸಿ, "ಹಿಂಗ ನಡೀತದೇನ್ರಿ?" ಎಂದಳು. ಯುನುಸನದಕ್ಕಿಂತ ದನಿ ತುಸು ದೊಡ್ಡದು, ಆದರೂ ನಡೆಯುತ್ತದೆ. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಈ ಕಡೆಯ ಜನ ಎಷ್ಟು ಮುಗ್ಧರು!

ಗುರುವಾರ, 7 ನವೆಂಬರ್

ವ್ಯವಸ್ಥೆ ಗಡಿಯಾರದಂತೆ ನಡೆಯುತ್ತಿದೆ. ಅವಳು ಕೆಮ್ಮುತ್ತಾಳೆ, ನಾನು ಗಂಭೀರವಾಗಿ "ಸಾಕು, ನಿಲ್ಲಿಸು" ಎನ್ನುತ್ತೇನೆ. ಸರ್‌ಗೆ ಬೆನ್ನಲ್ಲೂ ಕಣ್ಣಿದೆ ಎಂದು ಹುಡುಗರು ಮಾತಾಡಿಕೊಳ್ಳುತ್ತಾರಂತೆ.

ತರಗತಿ ಮುಗಿದು ಫ್ಲಾಸ್ಕ್ ತೊಳೆಯುವಾಗ ಶಾಲುಬಾಯಿ ಕೇಳಿದಳು: "ಇಪ್ಪತ್ತೆರಡು ವರ್ಷಿಂದ ಈ ನೀರು ಚೆಲ್ಲೇನಿ. ಇದರಾಗ ಏನಿರ್ತದ್ರಿ ಸರ್?"

"ಉಪ್ಪು."

"ಉಪ್ಪಂದ್ರ?"

"ನೀವು ಸಾರಿಗಿ ಹಾಕ್ತೀರಲ್ಲ, ಅದೇ."

ಅವಳು ತನ್ನ ಎಡಗೈ ಮುಂದೆ ಚಾಚಿದಳು. ಹೆಬ್ಬೆರಳ ಬುಡದಲ್ಲಿ ಹಳೆಯದೊಂದು ಸುಟ್ಟ ಕಲೆ. "ಇದು ಆಸಿಡ್ಡಿಂದು. ಇಲ್ಲಿ ಮೊಣಕೈಗಿ ಅದಲ್ಲ, ಇದು ಸೋಡಾದ್ದು. ಎರಡೂ ನನ್ನ ಸುಟ್ಟಾವ್ರಿ. ಸುಡೋವು ಎರಡು ಕೂಡಿ ಸಾರಿನ ಉಪ್ಪು ಆಗ್ತಾವಂದ್ರ ನಾ ನಂಬಲ್ರಿ."

ನಂಬದವರಿಗೆ ತೋರಿಸದಿದ್ದರೆ ನಾನು ಎಂಥ ಮೇಷ್ಟ್ರು? ಆಮ್ಲ ಅಳೆದೆ, ಕ್ಷಾರ ಬಿಟ್ಟೆ. ಈ ಸಲ ಫಿನಾಫ್ತಲೀನ್ ಹಾಕಲಿಲ್ಲ, ಲೆಕ್ಕದ ಮೇಲೆಯೇ ನಿಲ್ಲಿಸಿದೆ. ಪಿಂಗಾಣಿ ಬಟ್ಟಲಲ್ಲಿಟ್ಟು ಬರ್ನರ್ ಹಚ್ಚಿದೆ. ನೀರು ಆರುತ್ತ ಬಂದಂತೆ ಬಟ್ಟಲ ಅಂಚಿಗೆ ಬೆಳ್ಳಗೆ ಪೊರೆ ಕಟ್ಟಿತು, ಚಿಟಚಿಟ ಸಿಡಿಯಿತು. ಶಾಲುಬಾಯಿ ಬಗ್ಗಿ ನೋಡುತ್ತಲೇ ಇದ್ದಳು.

"ಉಪ್ಪಂತ ಹ್ಯಾಂಗ ಗೊತ್ತಾಗಬೇಕ್ರಿ? ನೆಕ್ಕಿ ನೋಡ್ಲೇನು?"

"ಪ್ರಯೋಗಶಾಲಿಯೊಳಗ ಏನೂ ನೆಕ್ಕಬಾರದು! ಮೊದಲನೇ ನಿಯಮ!"

ಗ್ಯಾಸ್ ಬಂದ್ ಮಾಡಿ, ಆರುವ ತನಕ ನೋಟ್ಸ್ ಬರೆದುಕೊಳ್ಳಲು ಆಚೆ ತಿರುಗಿದೆ. ಮತ್ತೆ ತಿರುಗಿದಾಗ ಬಟ್ಟಲ ನಡುವೆ ಒಂದು ಬೆರಳಿನ ಗೆರೆ ಇತ್ತು.

"ಉಪ್ಪೇ ಅದರಿ" ಎಂದಳು. ಆಮೇಲೆ ತುಟಿ ಚಪ್ಪರಿಸಿ, "ಜರಾ ಸೋಡಾ ಹೆಚ್ಚಾಗ್ಯದ ಸರ್. ನಾಲಿಗಿಗಿ ಜಾರ್ತದ."

ಒಂದು ತಂಬಿಗೆ ನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಒಂದು ಗಂಟೆ ಎದುರಿಗೇ ಕೂಡಿಸಿಕೊಂಡೆ. ಅವಳಿಗೇನೂ ಆಗಲಿಲ್ಲ. ನನಗೆ ಬಸ್ ತಪ್ಪಿತು. ಸೋಡಾ ಹೆಚ್ಚಾಗಿದ್ದು ನಿಜ. ಮರುತೂಕ ಮಾಡಿ ನೋಡಿದೆ. ಈ ಸಲದ ಸೋಡಾ ಹೊಸ ಡಬ್ಬಿಯದು, ಬಲವಾದದ್ದು.

ಗುರುವಾರ, 21 ನವೆಂಬರ್

ಕೆಟ್ಟ ದಿನ.

ಚಳಿ ಬಿದ್ದಿದೆ. ಶಾಲುಬಾಯಿ ತಲೆಗೆ ಶಾಲು ಸುತ್ತಿಕೊಂಡು ಬಂದಿದ್ದಳು. ಮೊದಲ ಅರ್ಧ ಗಂಟೆಯಲ್ಲಿಯೇ ಹದಿನಾರು ಕೆಮ್ಮು. ಎಲ್ಲರ ಫ್ಲಾಸ್ಕೂ ಇಷ್ಟು ಬೇಗ ಗುಲಾಬಿಯಾದದ್ದು ಆಶ್ಚರ್ಯವೆನಿಸಿತು. ಈ ವರ್ಷದ ಮಕ್ಕಳು ಚುರುಕು ಎಂದುಕೊಂಡೆ.

ಮೇಘಾ ನಾಲ್ಕನೆಯ ಮೇಜಿನಲ್ಲಿದ್ದಳು. ಕುರಿ ಸಾಕುವ ಮನೆತನದ ಹುಡುಗಿ, ಹಳ್ಳಿಯಿಂದ ದಿನಾ ಮೊದಲ ಬಸ್ಸಿಗೆ ಬರುತ್ತಾಳೆ. ಒಂದು ಹನಿ ಬಿಟ್ಟು, ತಿರುಗಿಸಿ, ನೋಡಿ, ಮತ್ತೊಂದು ಬಿಡುವವಳು. ಅವಳ ಬ್ಯೂರೆಟ್ 9.2ಕ್ಕೆ ಬಂದಾಗ ಹಿಂದಿನಿಂದ ಕೆಮ್ಮು ಕೇಳಿತು.

"ನಿಲ್ಲಿಸು. ಬಂತು" ಎಂದೆ.

"ಇನ್ನಾ ಬಂದಿಲ್ರಿ ಸರ್."

"ಬಂದದ ಅಂತೇನಿ."

ಶಾಲುಬಾಯಿ "ಇಲ್..." ಎಂದು ಮತ್ತೆ ಜೋರಾಗಿ ಕೆಮ್ಮಿದಳು. ನನಗೆ ಅದು ಒತ್ತಿ ಹೇಳಿದಂತೆ ಕೇಳಿತು. ಮೇಘಾ ನಿಲ್ಲಿಸಲಿಲ್ಲ. 10.6ಕ್ಕೆ ನಿಲ್ಲಿಸಿ, ಫ್ಲಾಸ್ಕನ್ನು ನನ್ನ ಮುಖದೆದುರು ಹಿಡಿದು, "ನೀವೇ ನೋಡ್ರಿ ಸರ್" ಎಂದಳು.

ನೋಡಿದೆ. ನೀರು.

"ಗಾಢ ಆಗ್ಯದ. ದಾಟಿ ಹೋಗೀದಿ" ಎಂದು ಹೇಳಿ ಅವಳ ರೆಕಾರ್ಡಿನಲ್ಲಿ ರೀಡಿಂಗ್ ಹೊಡೆದು ಹಾಕಿ, "ಅಜಾಗರೂಕತೆ" ಎಂದು ಬರೆದೆ.  ಅವಳು ಫ್ಲಾಸ್ಕನ್ನು ಸಿಂಕಿಗೆ ಸುರಿದು, ರೆಕಾರ್ಡ್ ಮುಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಶಿಸ್ತಿಲ್ಲದ ಹುಡುಗಿ.

ಶುಕ್ರವಾರ, 22 ನವೆಂಬರ್

ಮೇಘಾ ಬಂದಿಲ್ಲ.

ಸೋಮವಾರ, 25 ನವೆಂಬರ್

ಇವತ್ತೂ ಬಂದಿಲ್ಲ. ನೆಗಡಿ ಇಳಿದಿದ್ದ ಶಾಲುಬಾಯಿ ಬಾಗಿಲು ಮುಂದೆ ಮಾಡಿ ನನ್ನ ಎದುರು ನಿಂತರು.

"ಸರ್, ಗುರುವಾರ ನಾ ಕೆಮ್ಮಿದ್ದು ಖರೇ ಕೆಮ್ಮು. ಆ ಹುಡುಗಿದು ಹದಾ ಬಂದಿತ್ರಿ. ನಾನೇ ನೋಡೇನಿ."

"ಆಗೇ ಯಾಕ ಹೇಳಲಿಲ್ಲ?"

"ಪಾಠದ ನಡುವ ಬಾಯಿ ಹಾಕಬ್ಯಾಡ ಅಂತ ನೀವೇ ಹೇಳಿದ್ರಿ."

ನಾನು ಸುರಕ್ಷತಾ ಕ್ರಮದ ಬಗ್ಗೆ ಏನೋ ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಬಿಡ್ರಿ ಸರ್. ನೀವು ಬರೋ ಹಿಂದಿನ ದಿನಾನೇ ಯುನುಸಭಾಯಿ ಫೋನ್ ಮಾಡಿದ್ರು. 'ನಮ್ಮ ಸರ್ ಬರ್ಲಕತ್ತಾರ, ಭಾಳ ಛಲೋ ಮನುಷ್ಯಾ, ಗುಲಾಬಿ ಕಾಣಂಗಿಲ್ಲ, ಜರಾ ಸಂಭಾಳಸ್ರಿ' ಅಂದ್ರು."

"ಕೆಮ್ಮೋದು?"

"ಅದನ್ನೂ ಹೇಳಿದ್ರು. ನೀವೇ ಕೇಳ್ಲಿ ಅಂತ ಕಾಯ್ದೆ."

ಯುನುಸನಿಗೆ ಫೋನ್ ಹಚ್ಚಿದೆ. ಭಾಲ್ಕಿಯಲ್ಲಿ ಇದು ಯಾರ್ಯಾರಿಗೆ ಗೊತ್ತಿತ್ತು ಎಂದು ಕೇಳಿದೆ.

"ಎಲ್ಲಾರಿಗೂ ಸರ್."

"ಎಲ್ಲಾರೂ ಅಂದ್ರ?"

"ಚಹಾ ತರೋ ಕರೀಮ ಸಾಬಗೂ ಗೊತ್ತಿತ್ರಿ. ನಿಮಗ ಬ್ಯಾಸರ ಆಗ್ತದಂತ ಯಾರೂ ಮಾತಾಡಲಿಲ್ಲ. ಫಿಕರ್ ಮಾಡಬ್ಯಾಡ್ರಿ."

ಮನೆಗೆ ಬಂದು ಉಜ್ವಲಾಳನ್ನು ಕೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು, ತಲೆ ಎತ್ತಲಿಲ್ಲ.

"ಲಗ್ನಾದ ಮೂರನೇ ದಿನ ಗೊತ್ತಾತು. ಹಸರು ಮೆಣಸಿನಕಾಯಿ ತರ್ರಿ ಅಂದ್ರ ಕೆಂಪು ತಂದಿದ್ರಿ."

"ಹೇಳಬಾರದಿತ್ತೇನು?"

"ನೀವೇ ಹೇಳ್ತೀರಿ ಅಂತ ಕಾಯ್ದೆ."

ಹೀಗೆ ಎಲ್ಲರೂ ಕಾಯುತ್ತ ಕೂತರೆ ಹೇಗೆ? ಸಿಟ್ಟು ಬಂದು ಚಹಾ ಕುಡಿಯಲಿಲ್ಲ. ಆಮೇಲೆ ಆರಿದ ಚಹಾ ಕುಡಿದೆ. ಸಿಟ್ಟು ಯಾರ ಮೇಲೆ ಎಂದು ನಿರ್ಧಾರವಾಗಲಿಲ್ಲ. ಆ ಹುಡುಗಿಯ ರೀಡಿಂಗ್ 10.6. ಅವಳು ಅದನ್ನು ನನ್ನ ಮುಖದೆದುರೇ ಹಿಡಿದಿದ್ದಳು.

ಗುರುವಾರ, 28 ನವೆಂಬರ್

ತರಗತಿ ಶುರುವಾಗುವ ಹೊತ್ತಿಗೆ ಮೇಘಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರ್ಜಿ. ಬಿಎಸ್ಸಿ ಬಿಡುತ್ತಾಳಂತೆ; ಟಿಸಿಗೆ ವಿಭಾಗದಿಂದ ನನ್ನ ಸಹಿ ಬೇಕು.

"ಯಾಕವ್ವಾ?" ಎಂದೆ.

"ಮುಂದಿನ ವರ್ಷ ಬಿಎ ಸೇರ್ತೇನ್ರಿ." ಆಮೇಲೆ, ನನ್ನನ್ನು ನೋಡದೆ, "ನನ್ನ ಕಣ್ಣಿಗಿ ಕಂಡದ್ದು ಇಲ್ಲ ಅಂತ ಬರದೀರಿ ಸರ್. ಕಂಡದ್ದೇ ಖರೇ ಅಲ್ಲಂದ್ರ, ಈ ಪ್ರಯೋಗ ಮಾಡಿ ನಾ ಏನು ಕಲೀಲಿ?"

ಪೆನ್ನು ತೆಗೆದೆ. ಸಹಿ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹದಿನೇಳು ಮಂದಿ ನೋಡುತ್ತಿದ್ದರು, ಶಾಲುಬಾಯಿ ಸಿಂಕಿನ ಹತ್ತಿರ ನಿಂತಿದ್ದರು. ಒಳಗೆ ಬಾ ಎಂದು ಮೇಘಾಳನ್ನು ಕರೆದೆ. ಪೆನ್ನು ಮುಚ್ಚಿ, ಇಡೀ ತರಗತಿಗೆ ಹೇಳಿದೆ.

"ನನಗ ಗುಲಾಬಿ ಕಾಣಂಗಿಲ್ಲ. ಹುಟ್ಟಿದಾಗಿಂದ ಇಲ್ಲ. ಅವತ್ತು ಮೇಘಾ ಹಿಡಿದ ಫ್ಲಾಸ್ಕಿನಾಗ ನನಗ ಕಂಡದ್ದು ನೀರು. ಆಕಿದು ಖರೇ ಇತ್ತು, ನಾ ಬರದದ್ದು ಸುಳ್ಳು."

 ನಗುತ್ತಾರೆ ಎಂದುಕೊಂಡಿದ್ದೆ, ಯಾರೂ ನಗಲಿಲ್ಲ. ಹಿಂದಿನ ಸಾಲಿನವನು ಕೈ ಎತ್ತಿದ.

"ಹಂಗಾರ ಟಮಾಟಿ ಹ್ಯಾಂಗ ತರ್ತೀರ್ರಿ ಸರ್?"

"ಹಿಚಿಕಿ ನೋಡ್ತೇನಿ."

"ಬೀದರ ಸಿಗ್ನಲ್‌ನಾಗ?"

"ಮ್ಯಾಲಿನದು ಕೆಂಪು. ಅದು ಜಾಗಾ ಬದಲಿ ಮಾಡಂಗಿಲ್ಲ."

"ನಮ್ಮ ರೆಕಾರ್ಡಿಗಿ ಕೆಂಪು ಪೆನ್ನಿಲೆ ತಪ್ಪು ಹಾಕ್ತೀರಲ್ರಿ, ಅದು?"

"ಅದು ಕೆಂಪು ಪೆನ್ನು ಅಂತ ಗೊತ್ತಿರ್ತದಪಾ ನನಗ."

"ಇಲ್ರಿ ಸರ್, ನಾಲ್ಕು ವಾರ ಆತು, ಹಸರು ಪೆನ್ನಿಲೆ ಹಾಕ್ಲಕತ್ತೀರಿ."

ಆಗ ನಕ್ಕರು. ಮೊದಲು ನಕ್ಕದ್ದು ಶಾಲುಬಾಯಿ.

ಮೇಘಾಳ ರೆಕಾರ್ಡ್ ತರಿಸಿ "ಅಜಾಗರೂಕತೆ" ಎಂಬುದನ್ನು ಹೊಡೆದು, 10.6 ಸರಿ ಎಂದು ಬರೆದು, ಸಹಿ ಮಾಡಿದೆ. ಯಾವ ಬಣ್ಣದ ಪೆನ್ನೋ ಗೊತ್ತಿಲ್ಲ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ಹಂಗಾರ ಇನ್ನ ಮ್ಯಾಲ ಬಂದದ, ಇಲ್ಲ ಅಂತ ಯಾರು ಹೇಳೋರ್ರಿ?"

"ನೀವೇ ಹೇಳ್ರಿ, ನಾ ನಂಬ್ತೇನಿ. ಅನುಮಾನ ಬಂದ್ರ ಶಾಲುಬಾಯಿಯವರು ನೋಡ್ತಾರ."

ಅರ್ಜಿಯನ್ನು ಮಡಚಿ ರೆಕಾರ್ಡಿನೊಳಗಿಟ್ಟು ನಾಲ್ಕನೆಯ ಮೇಜಿಗೆ ಹೋದಳು. ಹರಿದು ಹಾಕಲಿಲ್ಲ, ಇಟ್ಟುಕೊಂಡಳು. ಇರಲಿ.

ಇವತ್ತು ತರಗತಿಯಲ್ಲಿ ಗದ್ದಲ ಬಹಳವಾಯಿತು. "ಬಂತೇನೋ?" "ಇಲ್ಲೋ, ಇನ್ನೊಂದ್ ಹನಿ!" ಎಂದು ಒಂದೇ ಕೂಗಾಟ. ಶಿಸ್ತು ಕಡಿಮೆಯಾಗುತ್ತಿದೆ, ಗಮನ ಕೊಡಬೇಕು.

ಗುರುವಾರ, 12 ಡಿಸೆಂಬರ್

ಥೈಮಾಲ್ಫ್ತಲೀನ್ ಎಂಬ ಇನ್ನೊಂದು ಸೂಚಕವಿದೆ. ಫಿನಾಫ್ತಲೀನ್ ಗುಲಾಬಿಯಾಗುವ ಜಾಗದಲ್ಲಿ ಇದು ನೀಲಿಯಾಗುತ್ತದೆ. ಪುಸ್ತಕದಲ್ಲಿ ಇಪ್ಪತ್ತು ವರ್ಷದಿಂದ ಓದಿದ್ದೆ, ತರಿಸಲು ಹೋಗಿರಲಿಲ್ಲ. ತರಿಸಿದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆಂದು. ಈಗ ಕೇಳುವವರೇ ಇಲ್ಲ. ಇವತ್ತು ಬಾಟಲಿ ಬಂತು.

ಎರಡು ಹನಿ ಹಾಕಿ ನಲ್ಲಿ ಬಿಟ್ಟೆ. ನೀರು, ನೀರು, ನೀರು. ಮತ್ತೆ ಒಂದು ಹನಿಗೆ ನೀಲಿ!

ಕೂಗಿದೆನಂತೆ. ಆಸಿಡ್ ಚೆಲ್ಲಿತೆಂದು ಶಾಲುಬಾಯಿ ಉಸುಕಿನ ಬಕೆಟ್ ಎತ್ತಿಕೊಂಡು ಓಡಿ ಬಂದರು. ನಾನು ಫ್ಲಾಸ್ಕ್ ತೋರಿಸಿದೆ. "ನೀಲಿ ಅದರಿ," ಎಂದರು, "ಅದಕ್ಯಾಕ ಅಳ್ಲಕತ್ತೀರಿ?" ಅಳುತ್ತಿರಲಿಲ್ಲ. ಆವಿ ತಾಗಿತ್ತು.

ಎಂಟು ಸಲ ಮಾಡಿದೆ. ಹುಡುಗರು ಮೂರನೆಯ ಸಲಕ್ಕೇ "ತಿಳೀತ್ರಿ ಸರ್" ಎಂದಿದ್ದರು. ಒಂಬತ್ತನೆಯ ಸಲಕ್ಕೆ ಶಾಲುಬಾಯಿ ಬಾಟಲಿ ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಪರೀಕ್ಷೆಯಲ್ಲಿ ಮಾತ್ರ ಫಿನಾಫ್ತಲೀನನ್ನೇ ಬಳಸಬೇಕು, ನಿಯಮ ಹಾಗಿದೆ.

ಗುರುವಾರ, 9 ಜನವರಿ 2025

ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೊರಗಿನ ಪರೀಕ್ಷಕರಾಗಿ ಬೀದರಿನಿಂದ ಬದ್ರೋದ್ದೀನ ಸರ್ ಬಂದಿದ್ದರು. ಅರವತ್ತಕ್ಕೆ ಹತ್ತಿರ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೆಸರು ಕೇಳಿದರೆ ಜಿಲ್ಲೆಯ ಬಿಎಸ್ಸಿ ಮಕ್ಕಳು ನೀರು ಕುಡಿಯುತ್ತಾರೆ. ಬಸ್ ತಡವಾಗಿ, ಮಕ್ಕಳು ಹನಿ ಬಿಡಲು ಶುರು ಮಾಡಿದ ಮೇಲೆ ಮುಟ್ಟಿದ್ದಕ್ಕೆ ಸಿಟ್ಟಿನಲ್ಲಿದ್ದರು. ಅಂಕ ಹಾಕುವ ಮೊದಲು ಪರೀಕ್ಷಕರೇ ಒಮ್ಮೆ ಹನಿ ಬಿಟ್ಟು ಟೈಟ್ರೇಶನ್ ಮಾಡಿ ರೀಡಿಂಗ್ ತೆಗೆಯುತ್ತಾರೆ. ಮಕ್ಕಳ ರೀಡಿಂಗ್ ಅದಕ್ಕೆಷ್ಟು ಹತ್ತಿರವೋ ಅಷ್ಟು ಅಂಕ. ರಸ್ತೆಯ ಗುಂಡಿಗಳನ್ನು ಬೈಯುತ್ತಲೇ ಮಾಡಿ ಮುಗಿಸಿ, 10.3 ಎಂದು ಬರೆದು, ಹಾಳೆಯನ್ನು ನನ್ನ ಕಡೆ ನೂಕಿದರು.

"ಅಂತ್ಯಬಿಂದು ನೋಡಿ ಸಹಿ ಮಾಡ್ರಿ ಕಾಶೀರಾಮ ಸರ್."

"ನನಗ ಕಾಣಂಗಿಲ್ರಿ."

"ಚಶ್ಮಾ ಮರತೀರೇನು?"

"ಇಲ್ರಿ. ಗುಲಾಬಿ ಕಾಣಂಗಿಲ್ಲ."

ತಮ್ಮ ಚಶ್ಮಾ ತೆಗೆದು ನನ್ನನ್ನು ನೋಡಿದರು. "ರಸಾಯನಶಾಸ್ತ್ರ ಕಲಸ್ತೀರಿ, ಗುಲಾಬಿ ಕಾಣಂಗಿಲ್ಲ? ಮತ್ತ ಇಲ್ಲಿ ನೋಡೋರು ಯಾರು?"

"ಶಾಲುಬಾಯಿಯವರು ನೋಡ್ತಾರ್ರಿ."

"ಅಟೆಂಡರ್!"

"ಹೌದ್ರಿ. ಇಪ್ಪತ್ತೆರಡು ವರ್ಷಿಂದ ನೋಡ್ಯಾರ."

ಇದನ್ನು ವರದಿಯಲ್ಲಿ ಬರೆಯಬೇಕಾಗುತ್ತದೆ ಎಂದರು. ಬರೆಯಿರಿ ಎಂದೆ. ನನಗೆ ಅಂಥ ಧೈರ್ಯ ಎಲ್ಲಿಂದ ಬಂತೋ. ಬೆಳಿಗ್ಗೆ ಸರಿಯಾಗಿ ಉಂಡಿರಲಿಲ್ಲ, ಅದಕ್ಕಿರಬೇಕು. ಬದ್ರೋದ್ದೀನ ಸರ್, ಹಾಗಾದರೆ ಪರೀಕ್ಷೆ ಮಾಡೇಬಿಡೋಣ ಎಂದು ಮೂರು ಫ್ಲಾಸ್ಕ್ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಒಂದು ಅರ್ಧಕ್ಕೆ ನಿಲ್ಲಿಸಿದ್ದು. ಒಂದು ಆಗಷ್ಟೇ ಮೇಘಾ ಮುಗಿಸಿದ್ದು. ಮೂರನೆಯದು ಅವರದೇ. ಯಾವುದು ಯಾರದೆಂದು ಶಾಲುಬಾಯಿಯವರಿಗೆ ಹೇಳಲಿಲ್ಲ.

ಶಾಲುಬಾಯಿ ಕೈ ಒರೆಸಿಕೊಂಡು ಬಂದರು. ಹಿಂದೆ ಒಂದು ಬಿಳಿ ಹಾಳೆ ಹಿಡಿದು ನೋಡಿದರು.

"ಇದು ಇನ್ನಾ ಆಗಿಲ್ರಿ. ಭಾಳ ದೂರ ಅದ. ಇದು ಹದಾ ಬಂದದ." ಮೂರನೆಯದರ ಮುಂದೆ ನಿಂತು ನಾಲಿಗೆ ಚಪ್ಪರಿಸಿದರು. "ಇದು ಮಾಡಿದವನ ಕೈ ಜೋರ ಅದರಿ. ಹತ್ತು ಹನಿ ಹೆಚ್ಚಾಗ್ಯದ. ಯಾವ ಹುಡಗಂದ್ರಿ ಸರ್?"

ಹದಿನೆಂಟು ಮಕ್ಕಳೂ ಒಟ್ಟಿಗೇ ತಮ್ಮ ತಮ್ಮ ಬ್ಯೂರೆಟ್ ನೋಡತೊಡಗಿದರು. ನಾನು ಫ್ಯಾನ್ ನೋಡಿದೆ.

"ನಂದು" ಎಂದರು ಬದ್ರೋದ್ದೀನ ಸರ್.

ಶಾಲುಬಾಯಿ ಹೆದರಲಿಲ್ಲ. "ಬಸ್ಸಿನ ಸಿಟ್ಟಿನಾಗ ಮಾಡೀರಿ. ಇನ್ನೊಮ್ಮಿ ಮಾಡ್ರಿ, ನಾ ನಿಂದರ್ತೇನಿ."

ಆ ಹೊತ್ತು ಅವರು ಏನು ಬೇಕಾದರೂ ಮಾಡಬಹುದಿತ್ತು. 10.3 ಅನ್ನೇ ಇಟ್ಟುಕೊಂಡಿದ್ದರೆ ಎಲ್ಲರ ಅಂಕವೂ ಹೋಗುತ್ತಿತ್ತು. ಮೇಘಾಳದು ಎಲ್ಲರಿಗಿಂತ ಹೆಚ್ಚು, ಏಕೆಂದರೆ ಅವಳು ಎಲ್ಲರಿಗಿಂತ ಸರಿಯಾಗಿ ಮಾಡಿದ್ದಳು. ಬದ್ರೋದ್ದೀನ ಸರ್ ಅಂಗಿಯ ತೋಳು ಮಡಚಿದರು. ಹೊಸದಾಗಿ ಆಮ್ಲ ಅಳೆದರು. ಕೊನೆಕೊನೆಗೆ ಹನಿ ಬಿಡುವ ಮೊದಲು ತಲೆ ತಿರುಗಿಸಿದರು.

"ಬಾಯಿ, ಬಂತೇನ್ರಿ?"

"ಇನ್ನಾ ಅರ್ಧ ಹನಿ ಬಿಡ್ರಿ." ಅವರು ಬಿಟ್ಟರು. "ಹಾಂ, ಬಂತ್ರಿ."

9.8. ಇನ್ನೊಮ್ಮೆ ಮಾಡಿದರು, 9.8. ಮತ್ತೊಮ್ಮೆ, 9.8. ಮೇಘಾಳ ಹಾಳೆಯಲ್ಲಿಯೂ ಅದೇ. ಹಳೆಯ ಹಾಳೆ ಹರಿದು ಹೊಸದರಲ್ಲಿ ಬರೆದರು. ತಾವು ಕೂತಿದ್ದ ಕುರ್ಚಿ ಎಳೆದು ಶಾಲುಬಾಯಿಯವರಿಗೆ ಕೊಟ್ಟರು. ಪರೀಕ್ಷೆ ಮುಗಿಯುವ ತನಕ ಹದಿನೆಂಟು ಫ್ಲಾಸ್ಕೂ ಆ ಕುರ್ಚಿಯ ಮುಂದೆ ಹಾದುಹೋದವು.

ಹೊರಡುವಾಗ ಬಾಗಿಲ ಹತ್ತಿರ ನನ್ನ ಮೊಣಕೈ ಹಿಡಿದು ಮೆಲ್ಲಗೆ ಹೇಳಿದರು: "ನನ್ನ ಬಲಗಣ್ಣಿಗಿ ಪೊರಿ ಬಂದದ್ರಿ. ಯಾರಿಗೂ ಹೇಳಿಲ್ಲ."

"ಗೊತ್ತಾಗ್ಯದ್ರಿ ಸರ್. ಜಲ್ದಿ ತೋರಸ್ಕೋರಿ" ಎಂದರು ಒಳಗಿನಿಂದ ಶಾಲುಬಾಯಿ.

ಬದ್ರೋದ್ದೀನ ಸರ್ ಬಸ್ಸಿಗೆ ನಡೆದರು. ವರದಿಯಲ್ಲಿ ನನ್ನ ಬಗ್ಗೆ ಏನು ಬರೆದಿದ್ದಾರೋ ನೋಡಲಿಲ್ಲ, ಲಕೋಟೆ ಅಂಟಿಸಿಬಿಟ್ಟಿದ್ದರು.

ಇಡೀ ದಿನ ಕೂತು ಶಾಲುಬಾಯಿಯವರ ಸೊಂಟ ಹಿಡಿದಿತ್ತು. ಮಕ್ಕಳೆಲ್ಲ ಹೋಗಿದ್ದರು. ಫ್ಲಾಸ್ಕ್ ನಾನೇ ತೊಳೆದು ಕೊಡುತ್ತ ಹೋದೆ, ಅವರು ಕೂತಲ್ಲಿಯೇ ಬೆಳಕಿಗೆ ಹಿಡಿದು ನೋಡಿ ಬೋರಲು ಹಾಕುತ್ತ ಹೋದರು. ಹನ್ನೆರಡನೆಯದನ್ನು ಎರಡು ಸಲ ತಿರುಗಿಸಿ ನೋಡಿ ನನಗೆ ವಾಪಸ್ ಕೊಟ್ಟರು.

"ಸರ್, ಇದರಾಗ ಇನ್ನಾ ಗುಲಾಬಿ ಅದ."

ಮತ್ತೆ ತೊಳೆದೆ.